ಮನೆಮನೆಯ ಸಾವನ್ನೆಣಿಸಿದ ವೈದ್ಯ: ಡಾ. ಜಾನ್ ಸ್ನೋ

ಕಾಲರಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ಜನರು ಮನೆಮಾರು ತೊರೆದು ಓಡುತ್ತಿದ್ದ ಕಾಲವೊಂದಿತ್ತು. ಆ ಮಹಾಮಾರಿಯ ಜಾಡನ್ನು ಬೀದಿಬೀದಿ ಅಲೆದು ಅರಸಿದ ಮಹನೀಯರು ಡಾ. ಜಾನ್ ಸ್ನೋ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ, ಕೂಲಿಕಾರನೊಬ್ಬನ ಹಿರಿಯ ಮಗನಾಗಿ ಅವರು 1813ರ ಮಾರ್ಚ್ 15ರಂದು ಜನಿಸಿದರು. ಹದಿನಾಲ್ಕನೆಯ ವಯಸ್ಸಿಗೇ ನ್ಯೂಕಾಸಲ್ಲಿನ ಶಸ್ತ್ರವೈದ್ಯರೊಬ್ಬರಲ್ಲಿ ಶಿಷ್ಯರಾಗಿ ಸೇರಿ, ಕಲ್ಲಿದ್ದಲ ಗಣಿಯ ಕಾರ್ಮಿಕರು ಕಾಲರಾಕ್ಕೆ ತುತ್ತಾದುದನ್ನು ಕಣ್ಣಾರೆ ಕಂಡರು. 1844ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಎಂ.ಡಿ. ಪದವಿ ಪಡೆದರು. ಅರಿವಳಿಕೆಯ ಶಾಸ್ತ್ರದಲ್ಲಿ ಅಗ್ರಗಣ್ಯರೆನಿಸಿ, 1853ರಲ್ಲಿ ವಿಕ್ಟೋರಿಯಾ ರಾಣಿಯ ಪ್ರಸವಕಾಲದಲ್ಲಿ ಕ್ಲೋರೊಫಾರ್ಮ್ ನೀಡಿದವರೂ ಅವರೇ.

ಕೆಟ್ಟ ಗಾಳಿಯಿಂದಲೇ ಕಾಲರಾ ಹರಡುವುದೆಂಬುದು ಅಂದಿನ ವಿದ್ವಾಂಸರ ದೃಢನಂಬಿಕೆ. ಕಲುಷಿತ ನೀರೇ ಅದರ ವಾಹಕವೆಂದು ಸ್ನೋ ಅವರು 1849ರಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದರು. ಒಪ್ಪಿದವರು ವಿರಳ.

1854ರ ಆಗಸ್ಟ್ ಅಂತ್ಯದಲ್ಲಿ ಲಂಡನ್ನಿನ ಸೋಹೋ ಪ್ರದೇಶದ ಬ್ರಾಡ್ ಬೀದಿಯ ಸುತ್ತ ರೋಗವು ಸಿಡಿಲಿನಂತೆರಗಿತು. ಹತ್ತೇ ದಿನಗಳಲ್ಲಿ 500ಕ್ಕೂ ಮಿಕ್ಕಿ ಜನ ಅಸುನೀಗಿದರು. ಸ್ನೋ ಅವರು ಮೃತರ ಪಟ್ಟಿಯನ್ನು ಹಿಡಿದು ಮನೆಮನೆಗೂ ನಡೆದು, ಅವರು ಎಲ್ಲಿಯ ನೀರು ಕುಡಿಯುತ್ತಿದ್ದರೆಂದು ವಿಚಾರಿಸಿದರು. ಅನಂತರ ನಕ್ಷೆಯೊಂದರಲ್ಲಿ ಪ್ರತಿಯೊಂದು ಸಾವಿಗೂ ಆಯಾ ಮನೆಯ ಬಳಿ ಒಂದೊಂದು ಕಪ್ಪು ಗೆರೆಯನ್ನೆಳೆದರು. ಗೆರೆಗಳು ಬ್ರಾಡ್ ಬೀದಿಯ ಕೈಪಂಪಿನ ಸುತ್ತ ದಟ್ಟೈಸಿ, ಅನ್ಯ ಪಂಪುಗಳು ಸಮೀಪವಾಗುವೆಡೆಯಲ್ಲಿ ವಿರಳವಾದುವು.

ಗುಂಪುಗೂಡಿದ ಗೆರೆಗಳಷ್ಟರಿಂದಲೇ ಅವರು ತೃಪ್ತರಾಗಲಿಲ್ಲ, ಅಪವಾದಗಳನ್ನೂ ಅರಸಿದರು. ಪಂಪಿನ ಸಮೀಪದಲ್ಲಿಯೇ ಇದ್ದ ಬಡವರ ಆಶ್ರಯಗೃಹದ 535 ನಿವಾಸಿಗಳಲ್ಲಿ ಸತ್ತವರು ಐವರು ಮಾತ್ರ. ಅಲ್ಲಿ ಪ್ರತ್ಯೇಕ ಬಾವಿಯಿತ್ತು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಿಧವೆಯೊಬ್ಬಳು ಮಡಿದಳು. ಬ್ರಾಡ್ ಬೀದಿಯ ನೀರಿನ ರುಚಿಗೆ ಮಾರುಹೋಗಿ ಆಕೆ ಅದನ್ನೇ ತರಿಸಿಕೊಳ್ಳುತ್ತಿದ್ದಳು. ಗಾಳಿಯೇ ಕಾರಣವಾಗಿದ್ದರೆ ಇವೆರಡೂ ಸಂಭವಿಸುತ್ತಿರಲಿಲ್ಲ.

ಅವರ ವಾದವನ್ನಾಲಿಸಿದ ಸ್ಥಳೀಯ ಅಧಿಕಾರಿಗಳು ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಯಿಸಿದರು. ಜನರು ಊರು ಬಿಟ್ಟುದರಿಂದ ಅಷ್ಟರಲ್ಲಾಗಲೇ ರೋಗ ಇಳಿಮುಖವಾಗಿತ್ತೆಂಬುದನ್ನು ಸ್ನೋ ಅವರೇ ದಾಖಲಿಸಿದರು. ತಮಗೆ ಸಲ್ಲದ ಕೀರ್ತಿಯನ್ನು ಒಲ್ಲದ ಸತ್ಯನಿಷ್ಠೆ ಅವರದು. ಮೊದಲು ಅವರ ಮಾತನ್ನು ನಂಬದಿದ್ದ ಪಾದ್ರಿ ಹೆನ್ರಿ ವೈಟ್‌ಹೆಡ್ ಸ್ವತಃ ಮನೆಮನೆ ವಿಚಾರಿಸಿ, ಕೊನೆಗೆ ಅವರ ಪಕ್ಷವನ್ನೇ ವಹಿಸಿದರು. ಬಾವಿಯ ಪಕ್ಕದ ಮನೆಯ ಮಲದ ಗುಂಡಿಯಿಂದ ಹೊಲಸು ಬಾವಿಗೆ ಜಿನುಗುತ್ತಿದ್ದುದೂ ಬಯಲಾಯಿತು. ಆದರೂ ಸರಕಾರದ ಆರೋಗ್ಯ ಮಂಡಳಿ ಒಪ್ಪಲಿಲ್ಲ.

ಆ ಮನ್ನಣೆಯನ್ನು ಕಾಣದೆಯೇ ಸ್ನೋ ಅವರು 1858ರ ಜೂನ್ 16ರಂದು, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅವರು ನಮ್ಮ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಇಂದು ಗಣಕಯಂತ್ರಗಳು ಸಂಖ್ಯಾಶಾಸ್ತ್ರದ ನೆರವಿನಿಂದ ನಗರಗಳ ಯಾವ ಕೇರಿಗೆ ರೋಗದ ಅಪಾಯ ಹೆಚ್ಚೆಂದು ನಕ್ಷೆಯಲ್ಲಿ ತೋರಿಸುತ್ತವೆ. ರೋಗಿ ಯಾರೆಂಬುದರ ಜೊತೆಗೆ ಎಲ್ಲಿಯವನೆಂದೂ ಕೇಳಬೇಕೆಂಬ ಆ ವಿದ್ಯೆಗೆ ದಾರಿ ತೋರಿದವರಲ್ಲಿ ಈ ಕೂಲಿಕಾರನ ಮಗ ಪ್ರಾತಃಸ್ಮರಣೀಯರು.