ಲಿಂಡ್ಲಿ ಮರ್ರೆ ಮತ್ತು ನನ್ನ ಕೆಂಪು ಗೆರೆ

ಉಕ್ಕಡಗಾತ್ರಿಯಲ್ಲಿ ಬೋಧನಾಭ್ಯಾಸದ ವೇಳೆ ವಿದ್ಯಾರ್ಥಿನಿಯೊಬ್ಬಳು ‘ಫಿಫ್ಟಿ ರುಪೀಸ್ ಈಸ್ ಇನಫ್’ ಎಂದು ಬರೆದಿದ್ದಳು. ಬಹುವಚನಕ್ಕೆ ‘ಆರ್’ ಬರಬೇಕೆಂದು ನಾನು ಕೆಂಪು ಗೆರೆ ಎಳೆದೆ. ತಪ್ಪು ನನ್ನದೆಂದು ತಿಳಿದದ್ದು ಲಿಂಡ್ಲಿ ಮರ್ರೆಯವರನ್ನು ಕುರಿತು ಓದಿದಾಗ.

1745ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಮರ್ರೆ ನ್ಯೂಯಾರ್ಕಿನಲ್ಲಿ ವಕೀಲರಾಗಿದ್ದರು. ಆರೋಗ್ಯ ಕೆಟ್ಟು 1784ರಲ್ಲಿ ಇಂಗ್ಲೆಂಡಿಗೆ ಬಂದು ಯಾರ್ಕ್ ಪಟ್ಟಣದ ಬಳಿ ನೆಲೆಸಿದರು. ಕ್ರಮೇಣ ನಡೆದಾಡುವುದೂ ಕಷ್ಟವಾಯಿತು. ಅಲ್ಲಿನ ಬಾಲಕಿಯರ ಶಾಲೆಯ ಶಿಕ್ಷಕಿಯರು ಪಾಠಕ್ಕೊಂದು ವ್ಯಾಕರಣ ಬರೆದುಕೊಡಿ ಎಂದು ಕೇಳಿಕೊಂಡರು. ಹಾಗೆ 1795ರಲ್ಲಿ ಹೊರಬಂದ ‘ಇಂಗ್ಲಿಷ್ ಗ್ರಾಮರ್’ ಎರಡೂ ದೇಶಗಳ ಶಾಲೆಗಳಲ್ಲಿ ದಶಕಗಳ ಕಾಲ ನಡೆಯಿತು. 1826ರಲ್ಲಿ ಅವರು ತೀರಿಕೊಂಡರು.

ಸಮೂಹವಾಚಕ ಪದ ಒಂದೆಂಬ ಭಾವ ಕೊಡುತ್ತದೆಯೋ ಹಲವೆಂಬ ಭಾವ ಕೊಡುತ್ತದೆಯೋ ನೋಡಿ ಕ್ರಿಯಾಪದದ ವಚನ ನಿರ್ಧರಿಸಬೇಕೆಂಬುದು ಅವರ ನಿಯಮ. ಹಣಕ್ಕೂ ಇದೇ ತರ್ಕ ಹೊಂದುತ್ತದೆ. ಐವತ್ತು ರೂಪಾಯಿ ಒಂದೇ ಮೊತ್ತ, ಅದಕ್ಕೆ ‘ಈಸ್’. ಅಜ್ಜಯ್ಯನ ಗದ್ದುಗೆಗೆ ತಂದ ಐವತ್ತು ತೆಂಗಿನಕಾಯಿಯನ್ನು ಒಂದೊಂದಾಗಿ ಎಣಿಸುತ್ತೇವೆ, ಅದಕ್ಕೆ ‘ಆರ್’. ಕನ್ನಡದ ಮಾತಿನಲ್ಲಿ ಎರಡಕ್ಕೂ ‘ಇದೆ’ ಎನ್ನುವ ಮಕ್ಕಳಿಗೆ ಈ ಭೇದವನ್ನು ಬಿಡಿಸಿ ತೋರಿಸಬೇಕು.

ಮರುದಿನ ತರಗತಿಯ ಎದುರೇ ನನ್ನ ಗೆರೆಯನ್ನು ಹೊಡೆದುಹಾಕಿ ಆ ಹುಡುಗಿಯ ವಾಕ್ಯಕ್ಕೆ ಸರಿ ಗುರುತು ಹಾಕಿದೆ.