ಗೇರ್ ಇಲ್ಲದ ಸೈಕಲ್, ಅರಾರತ್‌ನ ಗಾಳಿ

ಈಗ ಯಾರಾದರೂ ಹೊಸ ಸೈಕಲ್ ತಂದರೆ ನಾವು ಮೊದಲು ಕೇಳುವುದು ಎಷ್ಟು ಗೇರ್ ಎಂದು. ಗೇರೇ ಇಲ್ಲದ ಸೈಕಲ್ಲಿನಲ್ಲಿ ಭೂಮಿ ಸುತ್ತಿದ ಒಬ್ಬನಿದ್ದ. ಅವನೇ ಥಾಮಸ್ ಸ್ಟೀವನ್ಸ್.

ಇಂಗ್ಲೆಂಡಿನಲ್ಲಿ 1854ರಲ್ಲಿ ಹುಟ್ಟಿದ ಆತ ಹರೆಯದಲ್ಲೇ ಅಮೆರಿಕಕ್ಕೆ ಹೋದ. ಅಲ್ಲಿ ಗಣಿಯಲ್ಲೂ ದುಡಿದ. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಪೂರ್ವಕ್ಕೆ ಹೊರಟಾಗ ಆತನ ಬಳಿ ಇದ್ದದ್ದು ಕಾಲುಚೀಲ, ಒಂದು ಹೆಚ್ಚುವರಿ ಅಂಗಿ, ಪಿಸ್ತೂಲು, ಮತ್ತೊಂದು ಮಳೆಕೋಟು. ರಾತ್ರಿ ಆ ಕೋಟೇ ಡೇರೆ, ಅದೇ ಹಾಸಿಗೆ.

ಸೈಕಲ್ ಎಂದರೆ ನಮ್ಮಂಥದ್ದಲ್ಲ, ಪೆನ್ನಿ ಫಾರ್ದಿಂಗ್. ಮುಂದಿನ ಚಕ್ರದ ವ್ಯಾಸ 50 ಇಂಚು, ಪೆಡಲ್ ನೇರ ಆ ಚಕ್ರಕ್ಕೇ. ಲೆಕ್ಕ ಹಾಕಿ ನೋಡಿದೆ: ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 4 ಮೀಟರ್ ಮುಂದೆ ಹೋಗಬೇಕು. ಏರಿರಲಿ, ಎದುರುಗಾಳಿ ಇರಲಿ, ಅದರಲ್ಲಿ ರಿಯಾಯಿತಿ ಇಲ್ಲ. ಮೇಲಾಗಿ ಕೂರುವುದು ಎತ್ತರದಲ್ಲಿ, ಗಾಳಿಗೆ ಎದೆಯೊಡ್ಡಿ. ಎದುರು ಬರುವ ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಚಕ್ರಕ್ಕೆ ಕಲ್ಲು ಸಿಕ್ಕರೆ ಸವಾರ ಮುಗ್ಗರಿಸಿ ತಲೆ ಕೆಳಗಾಗುತ್ತಾನೆ. ಹಾಗಾಗಿ ಅಮೆರಿಕ ದಾಟುವಾಗ ಸುಮಾರು ಮೂರನೇ ಒಂದು ಭಾಗ ದಾರಿಯನ್ನು ಆತ ನಡೆದೇ ಕ್ರಮಿಸಿದ. ಆಗಸ್ಟ್ 4ಕ್ಕೆ ಬಾಸ್ಟನ್ ಸೇರಿದ.

ಮರುವರ್ಷ ಯುರೋಪ್ ದಾಟಿ ಟರ್ಕಿಗೆ ಬಂದ. ನನ್ನನ್ನು ಹಿಡಿದಿಡುವುದು ಎರ್ಜುರುಮ್‌ನಿಂದ ಪರ್ಷಿಯಾ ಗಡಿಯವರೆಗಿನ ಭಾಗ. ಹಳೆಯ ಲಾವಾ ಹರಡಿ ಗಟ್ಟಿಯಾದ ಎತ್ತರದ ನಾಡು ಅದು. ಮರಗಳು ವಿರಳ, ಗಾಳಿಗೆ ಅಡ್ಡವೇ ಇಲ್ಲ. ಅದರ ಕೊನೆಗೆ 5,137 ಮೀಟರ್ ಎತ್ತರದ ಅಗ್ನಿಪರ್ವತ ಅರಾರತ್, ತಲೆ ತುಂಬ ಹಿಮ. ಅಂಥ ಕಡೆ ಸೈಕಲ್ ಎಂದರೇನೆಂದೇ ತಿಳಿಯದ ಹಳ್ಳಿಯವರು ರೊಟ್ಟಿ, ಮೊಸರು, ಮಲಗಲು ಜಾಗ ಕೊಟ್ಟರು. ಅದೇ ಸೀಮೆಯಲ್ಲಿ 1894ರಲ್ಲಿ ಫ್ರಾಂಕ್ ಲೆನ್ಜ್ ಎಂಬ ಮತ್ತೊಬ್ಬ ಸೈಕಲ್ ಯಾತ್ರಿ ಕೊಲೆಯಾದ ಎಂಬುದನ್ನು ನೆನೆದರೆ, ಆ ಆತಿಥ್ಯದ ಬೆಲೆ ತಿಳಿಯುತ್ತದೆ. ಬೇಸರದ ಸಂಗತಿಯೆಂದರೆ, ಉಂಡ ಮನೆಯವರ ಬಗ್ಗೆಯೂ ಸ್ಟೀವನ್ಸ್ ತನ್ನ ಪುಸ್ತಕದಲ್ಲಿ ಕೆಲವೆಡೆ ತಾತ್ಸಾರದಿಂದಲೇ ಬರೆದ. ಆತನ ಕಾಲುಗಳನ್ನು ಮೆಚ್ಚುವ ನಾನು ಆ ಮಾತುಗಳನ್ನು ಮೆಚ್ಚಲಾರೆ.

ಟೆಹರಾನಿನಲ್ಲಿ ಚಳಿಗಾಲ ಕಳೆದು ಮುಂದೆ ಹೊರಟವನನ್ನು ಅಫ್ಘಾನಿಸ್ತಾನದಲ್ಲಿ ಹಿಡಿದು ವಾಪಸ್ ಕಳುಹಿಸಿದರು. ಮನೆಗೆ ಹೋಗಲು ಅದೊಂದು ನೆಪ ಸಾಕಿತ್ತು. ಆತ ಕಾಸ್ಪಿಯನ್ ಸಮುದ್ರ ದಾಟಿ, ಕಾನ್‌ಸ್ಟಾಂಟಿನೋಪಲ್‌ಗೆ ಮರಳಿ, ಹಡಗು ಹತ್ತಿ ಭಾರತಕ್ಕೆ ಬಂದ. ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಲಾಹೋರ್‌ನಿಂದ ಕಲ್ಕತ್ತೆಗೆ ತುಳಿದ. ಚೀನಾದಲ್ಲಿ ಜನ ಕಲ್ಲು ತೂರಿದಾಗ ಕಾಪಾಡಿದ್ದು ಅಲ್ಲಿನ ಅಧಿಕಾರಿಗಳೇ. ಕೊನೆಗೆ 1886ರ ಡಿಸೆಂಬರ್ 17ರಂದು ಜಪಾನಿನ ಯೊಕೊಹಾಮಾ ತಲುಪಿದ. ಸೈಕಲ್ ಯಾತ್ರೆಯ ಉದ್ದ ಸುಮಾರು 13,500 ಮೈಲಿ. ಸೈಕಲ್ಲಿನಲ್ಲಿ ಭೂಮಿ ಸುತ್ತಿದ ಮೊದಲಿಗ ಎಂಬ ಹೆಸರು ಬಂತು. 1935ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ನನ್ನ ಗೆಳೆಯನೊಬ್ಬ ಮೂರು ವಿಷಯ ಬಾಕಿ ಉಳಿಸಿಕೊಂಡು ಬಿಇ ಬಿಟ್ಟು ಊರಿಗೆ ಹೋಗುವ ಮಾತಾಡುತ್ತಿದ್ದಾನೆ. ಜೊತೆಯವರು ಮುಂದೆ ಹೋದರು, ತಾನು ಹಿಂದುಳಿದೆ ಎಂಬುದೇ ಅವನ ಸಂಕಟ. ಅವನಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಸೈಕಲ್ ತಳ್ಳಿಕೊಂಡು ನಡೆದ ಆ ಮೂರನೇ ಒಂದು ಭಾಗದ ಲೆಕ್ಕವನ್ನು ಅವನಿಗೆ ಹೇಳಬೇಕೆಂದಿದ್ದೇನೆ. ತುಳಿಯಲಾಗದ ಕಡೆ ಇಳಿದು ನಡೆದದ್ದಕ್ಕೇ ಸ್ಟೀವನ್ಸ್ ಬಾಸ್ಟನ್ ಮುಟ್ಟಿದ. ಆ ದಾರಿಯನ್ನು ಯಾರೂ ಪ್ರಯಾಣದಿಂದ ಕಳೆದಿಲ್ಲ.