ಫ್ರೀಡ್ರಿಕ್ ಫಾನ್ ಎಸ್ಮಾರ್ಕ್

ಯೋಹಾನ್ ಫ್ರೀಡ್ರಿಕ್ ಆಗಸ್ಟ್ ಫಾನ್ ಎಸ್ಮಾರ್ಕ್ (9 ಜನವರಿ 1823 – 23 ಫೆಬ್ರವರಿ 1908) ಜರ್ಮನಿಯ ಪ್ರಸಿದ್ಧ ಶಸ್ತ್ರವೈದ್ಯರು. ಕೈಕಾಲುಗಳ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವನ್ನು ತಡೆಯುವ ರಬ್ಬರ್ ಪಟ್ಟಿಯ ವಿಧಾನವನ್ನು ಬಳಕೆಗೆ ತಂದರು. ಆ ಪಟ್ಟಿಗೆ ಇಂದಿಗೂ ಇವರ ಹೆಸರೇ ಇದೆ.

ಜನನ ಮತ್ತು ವೃತ್ತಿ

ಎಸ್ಮಾರ್ಕ್ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ಪ್ರಾಂತದ ಟೋನಿಂಗ್ ಪಟ್ಟಣದಲ್ಲಿ ಜನಿಸಿದರು. ಕೀಲ್ ಮತ್ತು ಗಟಿಂಗನ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1846ರಲ್ಲಿ ಕೀಲ್‌ನಲ್ಲಿ ಲಾಂಗನ್‌ಬೆಕ್ ಅವರ ಸಹಾಯಕರಾದರು. 1848ರಲ್ಲಿ ಡೆನ್ಮಾರ್ಕ್ ವಿರುದ್ಧದ ಯುದ್ಧದಲ್ಲಿ ಸೇವೆ ಸಲ್ಲಿಸುವಾಗ ಸೆರೆಯಾಗಿ, ಅನಂತರ ಬಿಡುಗಡೆ ಹೊಂದಿದರು. 1857ರಲ್ಲಿ ಕೀಲ್‌ನಲ್ಲಿ ಪ್ರಾಧ್ಯಾಪಕರಾದರು. 1864, 1866 ಮತ್ತು 1870–71ರ ಯುದ್ಧಗಳಲ್ಲಿಯೂ ಗಾಯಾಳುಗಳ ಚಿಕಿತ್ಸೆಯಲ್ಲಿ ತೊಡಗಿದ್ದರು.

ರಕ್ತರಹಿತ ಶಸ್ತ್ರಚಿಕಿತ್ಸೆ

1873ರಲ್ಲಿ ಎಸ್ಮಾರ್ಕ್ ತಮ್ಮ ವಿಧಾನವನ್ನು ಪ್ರಕಟಿಸಿದರು. ಕಾಲ್ಬೆರಳುಗಳಿಂದ ಮೇಲಕ್ಕೆ ಹಿಗ್ಗುವ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಕಾಲಿನಲ್ಲಿರುವ ರಕ್ತ ದೇಹದ ಕಡೆಗೆ ಸರಿಯುತ್ತದೆ. ಬಳಿಕ ತೊಡೆಗೆ ರಬ್ಬರ್ ಕೊಳವೆಯನ್ನು ಕಟ್ಟಿ, ಕೆಳಗಿನ ಪಟ್ಟಿಯನ್ನು ಬಿಚ್ಚಲಾಗುತ್ತದೆ. ಇದರಿಂದ ರೋಗಿಯ ರಕ್ತ ಉಳಿಯುವುದಲ್ಲದೆ ಶಸ್ತ್ರವೈದ್ಯರಿಗೆ ಒಳಭಾಗ ನಿಚ್ಚಳವಾಗಿ ಕಾಣುತ್ತದೆ. ಸೋಂಕು ಅಥವಾ ಗಡ್ಡೆ ಇರುವ ಭಾಗಕ್ಕೆ ಪಟ್ಟಿ ಸುತ್ತಿದರೆ ಅದು ದೇಹದಲ್ಲಿ ಹರಡುವ ಅಪಾಯವಿದೆ.

ಕೊಳವೆಯ ಒತ್ತಡವನ್ನು ಅಳೆಯಲು ಸಾಧ್ಯವಿರಲಿಲ್ಲ. ಅತಿಯಾದ ಬಿಗಿತದಿಂದ ನರಗಳಿಗೆ ಹಾನಿಯಾಗಿ ಪಾರ್ಶ್ವವಾಯು ಉಂಟಾಗಬಹುದಿತ್ತು. ಈ ಕೊರತೆಯನ್ನು ನೀಗಲು ಅಮೆರಿಕದ ಹಾರ್ವೆ ಕುಶಿಂಗ್ 1904ರಲ್ಲಿ ಗಾಳಿ ತುಂಬುವ ಪಟ್ಟಿಯನ್ನು ಬಳಕೆಗೆ ತಂದರು.

ಪ್ರಥಮ ಚಿಕಿತ್ಸೆ

ರಣರಂಗದ ಅನುಭವದಿಂದ ಪ್ರೇರಿತರಾದ ಎಸ್ಮಾರ್ಕ್, ಸೈನಿಕರಿಗೂ ಸಾಮಾನ್ಯ ಜನರಿಗೂ ಪ್ರಥಮ ಚಿಕಿತ್ಸೆಯನ್ನು ಕಲಿಸಬೇಕೆಂದು ಶ್ರಮಿಸಿದರು. ತ್ರಿಕೋನಾಕಾರದ ಬಟ್ಟೆಯ ಪಟ್ಟಿಯನ್ನು ಜನಪ್ರಿಯಗೊಳಿಸಿದರು. ಇಂಗ್ಲೆಂಡಿನ ಸೇಂಟ್ ಜಾನ್ ಆಂಬುಲೆನ್ಸ್ ಮಾದರಿಯಲ್ಲಿ ಕೀಲ್‌ನಲ್ಲಿ ಸಮಾರಿಟನ್ ಶಾಲೆಯನ್ನು ಆರಂಭಿಸಿದರು.

ವೈಯಕ್ತಿಕ ಜೀವನ

ಮೊದಲ ಪತ್ನಿಯ ನಿಧನಾನಂತರ 1872ರಲ್ಲಿ ರಾಜಕುಮಾರಿ ಹೆನ್ರಿಯೆಟ್ ಅವರನ್ನು ವಿವಾಹವಾದರು. 1887ರಲ್ಲಿ ಇವರಿಗೆ ಶ್ರೀಮಂತ ಪದವಿ ದೊರೆಯಿತು. 1908ರಲ್ಲಿ ಕೀಲ್‌ನಲ್ಲಿ ನಿಧನರಾದರು.

ಇಂದಿನ ಬಳಕೆ

ಎಸ್ಮಾರ್ಕ್ ನಿಧನರಾದ ಹತ್ತು ವರ್ಷಗಳ ಬಳಿಕ, 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ದರ್ಶಕ ನಳಿಕೆಯಿಂದ ಮೃತದೇಹದ ಮಂಡಿಯ ಒಳಭಾಗವನ್ನು ವೀಕ್ಷಿಸಿದರು. ಇದರಿಂದ ಬೆಳೆದ ಆರ್ತ್ರೋಸ್ಕೋಪಿಯಲ್ಲಿ ಮಂಡಿಯ ಕೀಲಿಗೆ ಲವಣದ್ರಾವಣವನ್ನು ಹರಿಸಲಾಗುತ್ತದೆ. ಸ್ವಲ್ಪ ರಕ್ತ ಬೆರೆತರೂ ದೃಶ್ಯ ಮಸುಕಾಗುತ್ತದೆ. ಆದ್ದರಿಂದ ಅನೇಕ ಶಸ್ತ್ರವೈದ್ಯರು ಕಾಲನ್ನು ಎತ್ತಿ ಹಿಡಿದು ಅಥವಾ ಎಸ್ಮಾರ್ಕ್ ಪಟ್ಟಿಯನ್ನು ಸುತ್ತಿ ರಕ್ತವನ್ನು ಮೇಲಕ್ಕೆ ಸರಿಸಿ, ತೊಡೆಯ ಪಟ್ಟಿಗೆ ಗಾಳಿ ತುಂಬುತ್ತಾರೆ. ಸಾಮಾನ್ಯವಾಗಿ ಇದನ್ನು 2 ಗಂಟೆ ಮೀರದಂತೆ ನೋಡಿಕೊಳ್ಳಲಾಗುತ್ತದೆ. ದ್ರಾವಣದ ಒತ್ತಡವನ್ನು ನಿಯಂತ್ರಿಸಿ, ಅದಕ್ಕೆ ಅಡ್ರಿನಲಿನ್ ಬೆರೆಸಿ, ಪಟ್ಟಿಯಿಲ್ಲದೆಯೂ ಹಲವು ಶಸ್ತ್ರಚಿಕಿತ್ಸೆಗಳನ್ನು ನಡೆಸಲಾಗುತ್ತದೆ.